ರಂಗಪ್ರವೇಶದ ಟೆಂಪಲ್ ಸೆಟ್ ಊರಿನಿಂದ ಜರ್ಮನಿಗೆ ತರಿಸೋದು: ಅಳತೆ, ನಿಕಲ್, ಕಸ್ಟಮ್ಸ್

ಮೈನ್‌ತೀರ:

ಎಲ್ಲರಿಗೂ ನಮಸ್ಕಾರ. ನಾವಿರೋದು ಫ್ರಾಂಕ್‌ಫರ್ಟ್ ಹತ್ತಿರ. ಮಗಳಿಗೆ 13 ವರ್ಷ, ಇನ್ನು 14 ವಾರಕ್ಕೆ ಭರತನಾಟ್ಯ ರಂಗಪ್ರವೇಶ. ಗೆಜ್ಜೆ, ಜಡೆ ಕುಚ್ಚು ಆಗಲೇ ಇವೆ. ತಲೆಸಾಮಾನು, ಜುಮುಕಿ-ಮಾಟಿ (ಮಾಟಿ ಅಂದರೆ ಕಿವಿಯಿಂದ ಕೂದಲಿಗೆ ಸಿಕ್ಕಿಸುವ ಸರ), ಅಡ್ಡಿಕೆ (ಕತ್ತಿಗೆ ಹತ್ತಿಕೊಳ್ಳುವ ಗಿಡ್ಡ ಹಾರ), ಉದ್ದ ಹಾರ, ತೋಳಿನ ವಂಕಿ, ಸೊಂಟದ ಡಾಬು, ಬಳೆ, ಅಂದರೆ ಪೂರ್ತಿ ಟೆಂಪಲ್ ಸೆಟ್, ಭಾರತದ ಆನ್‌ಲೈನ್ ಅಂಗಡಿಯಿಂದ ತರಿಸಬೇಕು. ಮೂರು ಅಂಗಡಿಗಳಲ್ಲಿ ಹೆಚ್ಚು ಕಡಿಮೆ ಒಂದೇ ಫೋಟೊ, ಬೆಲೆ ಮಾತ್ರ 4,200, 9,800 ಮತ್ತು 21,500 ರೂಪಾಯಿ. ಮೂವರೂ ಹೇಳೋದು "ಪ್ರೀಮಿಯಂ ಕ್ವಾಲಿಟಿ, ಒರಿಜಿನಲ್ ಕೆಂಪು" (ಕೆಂಪು ಹರಳಿನ ಕೆಲಸ).

ನನ್ನ ಪ್ರಶ್ನೆಗಳು:
1. ಈ ಮೂರರ ವ್ಯತ್ಯಾಸ ಫೋಟೊ ನೋಡಿ ತಿಳಿಯೋದು ಹೇಗೆ? ಏನೇನು ಕೇಳಬೇಕು?
2. ಮಗಳಿಗೆ ಕಿವಿ ಬೇಗ ತುರಿಸುತ್ತೆ, ಕೆಂಪಾಗುತ್ತೆ. ಜುಮುಕಿ ಹಾಕಿ ಎರಡೂವರೆ ಗಂಟೆ ಕುಣಿಯಬೇಕು.
3. ಬಳೆ 2.4 ಅಂತಾರೆ, 2.6 ಅಂತಾರೆ. ಇಲ್ಲಿ ಮಿಲಿಮೀಟರ್ ಲೆಕ್ಕ. ಡಾಬಿನ ಅಳತೆ ಹೇಗೆ ಕೊಡಬೇಕು?
4. ದುಬಾರಿ ಸೆಟ್ ತಗೊಂಡರೆ ಸುಮಾರು 220 ಯೂರೋ, ಸಾಗಣೆ 35 ಯೂರೋ. ಇಲ್ಲಿ ಇನ್ನೆಷ್ಟು ಕಟ್ಟಬೇಕು? "ಗಿಫ್ಟ್ ಅಂತ ಬರೆದು ಕಳಿಸ್ತೀವಿ, ಏನೂ ಆಗಲ್ಲ" ಅಂತ ಒಬ್ಬರು ಹೇಳಿದ್ದಾರೆ.

ದಯವಿಟ್ಟು ಗೊತ್ತಿರುವವರು ತಿಳಿಸಿ.

ನಾಟ್ಯಸಾಮಾನು:

ಮೊದಲು ಬೆಲೆಯ ವಿಷಯ. ಟೆಂಪಲ್ ಸೆಟ್ ಅನ್ನೋ ಒಂದೇ ಹೆಸರಿನಲ್ಲಿ ಪೂರ್ತಿ ಬೇರೆ ಬೇರೆ ಪದಾರ್ಥ ಮಾರಾಟವಾಗುತ್ತೆ. ಕನ್ಯಾಕುಮಾರಿ ಜಿಲ್ಲೆಯ ನಾಗರಕೋಯಿಲ್ ಪಕ್ಕದ ವಡಸೇರಿಯಲ್ಲಿ ಮಾಡೋದು ಅಸಲು ಟೆಂಪಲ್ ಆಭರಣ. ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಬೆಳ್ಳಿಯ ತಗಡು, ಅದರೊಳಗೆ ಅರಗು, ಅರಗಿನ ಮೇಲೆ ಕೆಂಪು ಹರಳು, ಹರಳಿನ ಸುತ್ತ ಚಿನ್ನದ ರೇಕು ಒತ್ತಿ ಕೂರಿಸಿರುತ್ತಾರೆ. ನೀವು ಹೇಳಿದ ಮೂರು ಬೆಲೆಯಲ್ಲಿ ಯಾವುದೂ ಬೆಳ್ಳಿಯ ಪೂರ್ತಿ ಸೆಟ್ ಅಲ್ಲ. ಆ ದುಡ್ಡಿಗೆ ಅದು ಬರೋದೇ ಇಲ್ಲ. ಮೂರೂ ಇಮಿಟೇಶನ್. ಅದರಲ್ಲಿ ತಪ್ಪೇನಿಲ್ಲ, ವೇದಿಕೆಗೆ ಒಳ್ಳೆಯ ಇಮಿಟೇಶನ್ ಧಾರಾಳ ಸಾಕು. ಆದರೆ "ಒರಿಜಿನಲ್ ಕೆಂಪು" ಅನ್ನೋ ಮಾತಿಗೆ ದುಡ್ಡು ಕೊಡಬೇಡಿ.

ಇಮಿಟೇಶನ್‌ನಲ್ಲಿ ದರ್ಜೆ ನಿರ್ಧಾರ ಮಾಡೋದು ಮೂರು ಸಂಗತಿ: ಒಳಗಿನ ಲೋಹ, ಹರಳು ಕೂರಿಸಿದ ರೀತಿ, ಬೆಸುಗೆ.

ಲೋಹ ತಾಮ್ರ ಅಥವಾ ಹಿತ್ತಾಳೆ ಇದ್ದರೆ ಒಳ್ಳೆಯದು. ಅಗ್ಗದ ಸೆಟ್‌ಗಳಲ್ಲಿ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಸುರಿದು ಮಾಡಿರುತ್ತಾರೆ. ಅದು ಬಗ್ಗೋದಿಲ್ಲ, ಮುರಿಯುತ್ತೆ. ನೆತ್ತಿಚುಟ್ಟಿಯ (ಹಣೆ, ಬೈತಲೆಯ ಆಭರಣ) ಕೊಂಡಿ ಸ್ವಲ್ಪ ಅಗಲ ಮಾಡೋಣ ಅಂತ ಇಕ್ಕಳ ಹಿಡಿದರೆ ಪಟ್ ಅಂತ ಕೈಗೇ ಬರುತ್ತೆ, ಆಮೇಲೆ ಬೆಸುಗೆ ಹಾಕೋದೂ ಕಷ್ಟ. ಹಿತ್ತಾಳೆಯಾದರೆ ಬಗ್ಗಿಸಿ ಸರಿಮಾಡಬಹುದು.

ಹರಳಿಗೆ ಹಿಂಬದಿ ನೋಡಬೇಕು. ಅಂಗಡಿಯವರಿಗೆ ಹೀಗೆ ಬರೆಯಿರಿ: "ಪ್ರತಿ ಸಾಮಾನಿನ ಮುಂದೆ, ಹಿಂದೆ ಎರಡೂ ಫೋಟೊ ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಕಳಿಸಿ. ಪ್ರತಿಯೊಂದರ ತೂಕ ಗ್ರಾಂನಲ್ಲಿ ತಿಳಿಸಿ." ಇದಕ್ಕೆ ಉತ್ತರ ಕೊಡದ ಅಂಗಡಿ ಬೇಡವೇ ಬೇಡ. ಒಳ್ಳೆಯ ಕೆಲಸದಲ್ಲಿ ಹರಳಿನ ಅಂಚಿಗೆ ಲೋಹದ ಗೋಡೆ ಹತ್ತಿಕೊಂಡಿರುತ್ತೆ, ಹರಳುಗಳೆಲ್ಲ ಒಂದೇ ಎತ್ತರದಲ್ಲಿ ಕೂತಿರುತ್ತವೆ. ಕೆಟ್ಟದರಲ್ಲಿ ಬಟ್ಟಲಿನಂಥ ಗುಳಿಯಲ್ಲಿ ಗೋಂದು ಹಾಕಿ ಮೇಲೆ ಹರಳು ಇಟ್ಟಿರುತ್ತಾರೆ. ಅಂಚಿನಲ್ಲಿ ಗೋಂದು ಉಬ್ಬಿ ಒಣಗಿರೋದು ಫೋಟೊ ದೊಡ್ಡದು ಮಾಡಿದರೆ ಕಾಣುತ್ತೆ. ಅಂಥದ್ದು ಕುಣಿಯುವಾಗ ಉದುರುತ್ತೆ, ಉದುರಿದ ಹರಳು ಬರಿಗಾಲಿಗೆ ಸಿಗುತ್ತೆ.

ಜೊತೆಗೆ ಒಂದು ಸಣ್ಣ ವಿಡಿಯೊ ಕೇಳಿ. ಸೆಟ್ಟನ್ನು ಫೋನಿನ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಕಟಕಟ ಶಬ್ದ ಬಂದರೆ ಹರಳು ಸಡಿಲ ಇದೆ ಅಂತ ಅರ್ಥ. ಜುಮುಕಿ, ಮುತ್ತಿನ ಗೊಂಚಲಿನ ಶಬ್ದ ಬೇರೆ. ಅದಕ್ಕೇ ಅಡ್ಡಿಕೆ, ಡಾಬನ್ನು ಮಾತ್ರ ಅಲ್ಲಾಡಿಸಿ ತೋರಿಸಲು ಹೇಳಿ.

"ಒನ್ ಗ್ರಾಂ ಗೋಲ್ಡ್" ಅಂದರೆ ಆ ಸಾಮಾನಿನಲ್ಲಿ ಒಂದು ಗ್ರಾಂ ಚಿನ್ನ ಇದೆ ಅಂತಲ್ಲ, ಅದು ವ್ಯಾಪಾರದ ಹೆಸರು. "ಮೈಕ್ರೋ ಪಾಲಿಶ್" ಕೂಡ ಹಾಗೇ. ಹೋಲಿಕೆಗೆ ಹೇಳ್ತೀನಿ: ಅಮೆರಿಕದ ಮಾರ್ಗಸೂಚಿಯಲ್ಲಿ ಗೋಲ್ಡ್ ಎಲೆಕ್ಟ್ರೋಪ್ಲೇಟ್ ಅನ್ನಬೇಕಾದರೆ ಚಿನ್ನದ ಪದರ ಕನಿಷ್ಠ 0.175 ಮೈಕ್ರಾನ್ ಇರಬೇಕು, ಹೆವಿ ಅನ್ನಬೇಕಾದರೆ 2.5 ಮೈಕ್ರಾನ್. ನಮ್ಮ ಅಂಗಡಿಯವರನ್ನು ಎಷ್ಟು ಮೈಕ್ರಾನ್ ಅಂತ ಕೇಳಿ ನೋಡಿ. ಸಂಖ್ಯೆ ಹೇಳಿದರೆ ಬಿಲ್ಲಿನ ಮೇಲೆ ಬರೆಸಿ. ಹೇಳಲಿಲ್ಲ ಅಂದರೆ ತೆಳು ಪಾಲಿಶ್ ಅಂತಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕ ಬೆಲೆ ಕೊಡಿ. ಮೂರರಲ್ಲಿ ನನ್ನ ಮತ ಮಧ್ಯದ 9,800ರ ಸೆಟ್‌ಗೆ, ಹಿಂಬದಿಯ ಫೋಟೊ ಚೆನ್ನಾಗಿ ಬಂದರೆ ಮಾತ್ರ. 21,500ರವರು ಏನು ಹೆಚ್ಚು ಕೊಡ್ತಾರೆ ಅಂತ ಬರವಣಿಗೆಯಲ್ಲಿ ಹೇಳಲಿ.

ಈಗ ಅಳತೆ.

ಬಳೆ: 2.4 ಅನ್ನೋದು ದಶಮಾಂಶ ಅಲ್ಲ. ಹಳೆಯ ಆಣೆ ಲೆಕ್ಕ, ಇಂಚನ್ನು 16 ಭಾಗ ಮಾಡಿದ್ದು. 2.4 ಅಂದರೆ 2 ಇಂಚು ಮತ್ತು 16ರಲ್ಲಿ 4, ಅಂದರೆ ಎರಡೂಕಾಲು ಇಂಚು ಒಳವ್ಯಾಸ. ಮಿಲಿಮೀಟರಿನಲ್ಲಿ 2.2 ಸುಮಾರು 54, 2.4 ಸುಮಾರು 57, 2.6 ಸುಮಾರು 60, 2.8 ಅಂದರೆ 63.5. ಕೈಗೆ ಸರಿಯಾಗೋ ಹಳೆಯ ಬಳೆಯನ್ನು ಸ್ಕೇಲ್ ಮೇಲಿಟ್ಟು ಒಳಗಿನ ಅಂಚಿನಿಂದ ಒಳಗಿನ ಅಂಚಿಗೆ ಅಳೆಯಿರಿ. ಕೆತ್ತನೆ ಕೆಲಸದ ದಪ್ಪ ಬಳೆ ಗಾಜಿನ ಬಳೆಯಷ್ಟು ಸುಲಭವಾಗಿ ಕೈಗೆ ಏರಲ್ಲ. ಎರಡು ಸೈಜಿನ ನಡುವೆ ಇದ್ದರೆ ದೊಡ್ಡದು ತಗೊಳ್ಳಿ, ಇಲ್ಲವೇ ತಿರುಪು ಇರುವ ಕಡಗ ಕೇಳಿ.

ಡಾಬು: ಬರಿ ಸೊಂಟದ ಅಳತೆ ಕೊಟ್ಟರೆ ಖಂಡಿತ ಬಿಗಿಯಾಗುತ್ತೆ. ನೃತ್ಯದ ಉಡುಪು ಪೂರ್ತಿ ಹಾಕಿಸಿ, ಬೀಸಣಿಗೆ (ಮುಂದಿನ ನೆರಿಗೆ), ಸೊಂಟದ ಪಟ್ಟಿ ಎಲ್ಲ ಕಟ್ಟಿದ ಮೇಲೆ ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿಯಿರಿ. ಅರಮಂಡಿಯಲ್ಲಿ (ಮಂಡಿ ಬಗ್ಗಿಸಿ ಅರ್ಧ ಕೂತ ಭಂಗಿ) ಕೂರಿಸಿ ಇನ್ನೊಮ್ಮೆ ಅಳೆಯಿರಿ. ದೊಡ್ಡ ಸಂಖ್ಯೆಯನ್ನೇ ಕಳಿಸಿ. ಹಿಂದೆ 3 ಇಂಚಿನಷ್ಟು ಸರಪಳಿ ಹೆಚ್ಚುವರಿ ಕೇಳಿ, 13ರ ಹುಡುಗಿ ಇನ್ನೂ ಬೆಳೀತಾಳೆ. ಒಂದೇ ಉದ್ದ ತಗಡಿನ ಡಾಬು ಬೇಡ, ಬಿಲ್ಲೆ ಬಿಲ್ಲೆಗೂ ಕೊಂಡಿ ಇರೋದು ಬೇಕು. ಬಾಗುವಾಗ ಹೊಟ್ಟೆಗೆ ಚುಚ್ಚಲ್ಲ.

ನೆತ್ತಿಚುಟ್ಟಿ: ಒಂದು ದಾರ ತಗೊಂಡು ಹಣೆಯ ನಡು ಬೈತಲೆಯಿಂದ ಕೂದಲಿನ ಅಂಚಿನಗುಂಟ ಕಿವಿಯ ಮೇಲ್ತುದಿವರೆಗೆ ಇಟ್ಟು ಅಳೆಯಿರಿ. ಬೈತಲೆಯಲ್ಲಿ ಹಿಂದಕ್ಕೆ ಎಷ್ಟು ಬೇಕು ಅಂತ ಇನ್ನೊಂದು ಅಳತೆ. ಮಕ್ಕಳ ಸೆಟ್, ದೊಡ್ಡವರ ಸೆಟ್ ನಡುವೆ ಮುಖ್ಯ ವ್ಯತ್ಯಾಸ ಇಲ್ಲೇ ಇರೋದು. ದೊಡ್ಡವರ ಸೆಟ್ 13ರ ಮಗುವಿನ ಕಿವಿ ದಾಟಿ ಕೆಳಗೆ ಜೋತುಬೀಳಬಹುದು.

ಅಡ್ಡಿಕೆ, ಹಾರ ಎರಡಕ್ಕೂ ಹಿಂದೆ ಕೊಕ್ಕೆ ಬೇಡ, ಜರಿ ದಾರ ಮತ್ತು ಜಾರುವ ಗಂಟು ಇರಲಿ. ಅಳತೆಯ ತಲೆನೋವೇ ಇಲ್ಲ.

ಸುಂಕದಕಟ್ಟೆ:

ನಾಲ್ಕನೇ ಪ್ರಶ್ನೆಗೆ ಬರ್ತೀನಿ. "ಗಿಫ್ಟ್" ಅಂತ ಬರೆಸಲೇಬೇಡಿ. ಉಡುಗೊರೆಗೆ ಇರೋ 45 ಯೂರೋ ವಿನಾಯಿತಿ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ದುಡ್ಡು ತಗೊಳ್ಳದೆ ಕಳಿಸೋದಕ್ಕೆ ಮಾತ್ರ. ಅಂಗಡಿ ಕಳಿಸಿದ್ದು ಉಡುಗೊರೆ ಆಗಲ್ಲ. ಪಾರ್ಸೆಲ್ ತೆರೆದು ಬಿಲ್ ಸಿಕ್ಕರೆ ಅದು ಸುಳ್ಳು ಘೋಷಣೆ, ಉತ್ತರ ಹೇಳಬೇಕಾದವರು ನೀವು, ಅಂಗಡಿಯವರಲ್ಲ. ಮೌಲ್ಯ ಕಡಿಮೆ ಬರೆಸಿದರೆ ಇನ್ನೊಂದು ಪೆಟ್ಟು: ದಾರಿಯಲ್ಲಿ ಕಳೆದುಹೋದರೆ ಪರಿಹಾರವೂ ಆ ಬರೆದ ಮೊತ್ತಕ್ಕೇ.

ನಿಮ್ಮ ಲೆಕ್ಕ. ಇಮಿಟೇಶನ್ ಆಭರಣದ ಸುಂಕ ಸಂಖ್ಯೆ 7117. ಯುರೋಪಿನಲ್ಲಿ ಅದಕ್ಕೆ ಶೇ. 4 ಸುಂಕ. ಸರಕಿನ ಬೆಲೆ 150 ಯೂರೋ ಮೀರಿದೆ, ಹಾಗಾಗಿ ಸಾಗಣೆಯನ್ನೂ ಸೇರಿಸಿ 255 ಯೂರೋ ಮೇಲೆ ಶೇ. 4, ಅಂದರೆ 10.20. ಆಮೇಲೆ 265.20ರ ಮೇಲೆ ಜರ್ಮನಿಯ ಶೇ. 19 ಆಮದು ವ್ಯಾಟ್, ಅಂದರೆ 50.39. ಒಟ್ಟು 60.59 ಯೂರೋ. ಇದರ ಮೇಲೆ ನಿಮ್ಮ ಪರವಾಗಿ ಕಟ್ಟಿದ್ದಕ್ಕೆ ಕೊರಿಯರ್ ಕಂಪನಿಯ ಶುಲ್ಕ ಬೇರೆ. ಆ ಶುಲ್ಕ ಒಬ್ಬೊಬ್ಬರದು ಒಂದೊಂದು ಥರ, ಬುಕ್ ಮಾಡುವ ಮೊದಲೇ ಅವರ ದರಪಟ್ಟಿ ನೋಡಿಕೊಳ್ಳಿ. ಅಂದರೆ 220ರ ಸೆಟ್ ಮನೆ ಬಾಗಿಲಿಗೆ ಬರೋ ಹೊತ್ತಿಗೆ 315 ದಾಟುತ್ತೆ. ಬೆಲೆ ಹೋಲಿಸುವಾಗ ಈ ಸಂಖ್ಯೆಯನ್ನು ಹೋಲಿಸಿ.

9,800 ರೂಪಾಯಿಯ ಸೆಟ್ ಆದರೆ 150 ಯೂರೋ ಒಳಗೇ ಬರುತ್ತೆ. ವ್ಯಾಟ್ ಅದಕ್ಕೂ ಇದೆ. 22 ಯೂರೋವರೆಗೆ ಇದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ಕ್ಕೇ ಹೋಯಿತು. 150ರ ಒಳಗಾದರೆ ಸುಂಕವೇ ಇಲ್ಲ ಅನ್ನೋ ಮಾತು ಕೂಡ ಹಳೆಯದಾಗ್ತಿದೆ. 2025ರ ಡಿಸೆಂಬರ್‌ನಲ್ಲಿ ಯುರೋಪಿನ ಹಣಕಾಸು ಸಚಿವರು ಒಪ್ಪಿದ ಪ್ರಕಾರ 2026ರ ಜುಲೈ 1ರಿಂದ ಸಣ್ಣ ಪಾರ್ಸೆಲ್‌ಗೂ 3 ಯೂರೋ ಸುಂಕ. ಅದು ಪಾರ್ಸೆಲ್‌ಗೆ ಒಂದು ಸಲ ಅಲ್ಲ, ಒಳಗಿರುವ ಪ್ರತಿ ಸುಂಕ ಸಂಖ್ಯೆಗೆ ಒಂದೊಂದು ಸಲ. ಬರಿ ಆಭರಣ ತರಿಸಿದರೆ ಒಂದೇ ಸಂಖ್ಯೆ. ಜೊತೆಗೆ ಬ್ಲೌಸು, ಕೂದಲಿನ ಸವರಿ ಹಾಕಿಸಿದರೆ ಲೆಕ್ಕ ಏರುತ್ತೆ. ಆರ್ಡರ್ ಮಾಡುವ ದಿನ ಜರ್ಮನ್ ಕಸ್ಟಮ್ಸ್‌ನ ಅಧಿಕೃತ ಜಾಲತಾಣದಲ್ಲಿ ಒಮ್ಮೆ ನೋಡಿಬಿಡಿ.

150ರ ಒಳಗಿನ ಆರ್ಡರ್‌ಗೆ ಅಂಗಡಿಯವರನ್ನು ಕೇಳಬೇಕಾದ ಒಂದೇ ಪ್ರಶ್ನೆ: ಐಒಎಸ್‌ಎಸ್ ನೋಂದಣಿ (ಯುರೋಪಿನ ವ್ಯಾಟನ್ನು ಅಂಗಡಿಯೇ ವಸೂಲು ಮಾಡಿ ಕಟ್ಟುವ ವ್ಯವಸ್ಥೆ) ಇದೆಯಾ? ಇದ್ದರೆ ವ್ಯಾಟ್ ಅಲ್ಲೇ ಬಿಲ್ಲಿನಲ್ಲಿ ಕಟ್ಟುತ್ತೀರಿ, ಇಲ್ಲಿ ಕೊರಿಯರ್ ಶುಲ್ಕ ಬೀಳಲ್ಲ. ಸಂಖ್ಯೆ ಐ, ಎಂ ಅಕ್ಷರಗಳಿಂದ ಶುರುವಾಗಿ 10 ಅಂಕಿ ಇರುತ್ತೆ. ಅದನ್ನು ಕಸ್ಟಮ್ಸ್ ಮಾಹಿತಿಯಲ್ಲಿ ಆನ್‌ಲೈನ್ ಆಗಿಯೇ ಕೊರಿಯರ್‌ಗೆ ಕಳಿಸಿರಬೇಕು. ಡಬ್ಬದ ಮೇಲೆ ಪೆನ್ನಿನಲ್ಲಿ ಬರೆದರೆ ಪ್ರಯೋಜನ ಇಲ್ಲ, ಎರಡನೇ ಸಲ ವ್ಯಾಟ್ ಕಟ್ಟಬೇಕಾಗುತ್ತೆ. ಸಣ್ಣ ಅಂಗಡಿಗಳಲ್ಲಿ ಬಹಳಷ್ಟಕ್ಕೆ ಈ ನೋಂದಣಿ ಇರಲ್ಲ. ದೊಡ್ಡ ಮಾರುಕಟ್ಟೆ ತಾಣಗಳ ಮೂಲಕ ಕೊಂಡರೆ ತಾಣವೇ ವ್ಯಾಟ್ ಹಿಡಿದುಕೊಳ್ಳುತ್ತೆ.

150 ದಾಟಬಾರದು ಅಂತ ಒಂದೇ ಆರ್ಡರನ್ನು ಎರಡು ಡಬ್ಬ ಮಾಡಿಸೋದು ಕೂಡ ಬೇಡ. ಒಂದೇ ಕಡೆಯಿಂದ ಒಂದೇ ವಿಳಾಸಕ್ಕೆ ಒಟ್ಟಿಗೆ ಬಂದದ್ದನ್ನು ಒಟ್ಟು ಸೇರಿಸಿಯೇ ನೋಡ್ತಾರೆ.

ಈಗ ಬಹಳ ಮುಖ್ಯವಾದದ್ದು, ಕಾಗದ. ಊರಿನ ಅಂಗಡಿಯವರು ಅಭ್ಯಾಸಬಲದಿಂದ "ಗೋಲ್ಡ್ ಟೆಂಪಲ್ ಜ್ಯುವೆಲರಿ" ಅಂತ ಬರೆದುಬಿಡ್ತಾರೆ. ಅಲ್ಲಿಗೆ ಮುಗಿಯಿತು. ಅಸಲು ಚಿನ್ನ ಬೆಳ್ಳಿಯ ಸಂಖ್ಯೆ 7113, ಅದಕ್ಕೆ ಬೇರೆ ನಿಯಮ. ಎಷ್ಟೋ ಕೊರಿಯರ್‌ನವರು ಅಂಥದ್ದನ್ನು ತಗೊಳ್ಳೋದೇ ಇಲ್ಲ. ಪಾರ್ಸೆಲ್ ನಿಂತು ವಾರಗಟ್ಟಲೆ ವಿವರಣೆ ಕೇಳ್ತಾರೆ. ಬಿಲ್ಲಿನಲ್ಲೂ ಕಸ್ಟಮ್ಸ್ ಚೀಟಿಯಲ್ಲೂ ಒಂದೇ ರೀತಿ ಹೀಗೆ ಬರೆಸಿ: "ಇಮಿಟೇಶನ್ ಜ್ಯುವೆಲರಿ ಫಾರ್ ಡ್ಯಾನ್ಸ್ ಕಾಸ್ಟ್ಯೂಮ್, ಬ್ರಾಸ್, ಪ್ಲೇಟೆಡ್, ವಿತ್ ಗ್ಲಾಸ್ ಸ್ಟೋನ್ಸ್, ಎಚ್‌ಎಸ್ 711719". ಲೋಹ ತಾಮ್ರವಾದರೆ ಬ್ರಾಸ್ ಬದಲು ಕಾಪರ್. ಕೆಳಗೆ ಸಾಮಾನುಗಳ ಪಟ್ಟಿ, ಒಂದೊಂದರ ಬೆಲೆ, ಒಟ್ಟು ತೂಕ, ಸಾಗಣೆ ಪ್ರತ್ಯೇಕ ಸಾಲಿನಲ್ಲಿ. ಬಿಲ್ಲಿನ ಒಂದು ಪ್ರತಿ ಡಬ್ಬದ ಹೊರಗೆ ಪ್ಲಾಸ್ಟಿಕ್ ಚೀಲದಲ್ಲಿ ಅಂಟಿಸಿರಬೇಕು, ಇನ್ನೊಂದು ಒಳಗೆ. ಬಿಲ್ ಕಾಣದಿದ್ದರೆ ಪಾರ್ಸೆಲ್ ನಿಮ್ಮ ಹತ್ತಿರದ ಕಸ್ಟಮ್ಸ್ ಕಚೇರಿಗೆ ಹೋಗುತ್ತೆ, ನಿಮಗೆ ಪತ್ರ ಬರುತ್ತೆ. ಆಗ ಬಿಲ್, ದುಡ್ಡು ಕಟ್ಟಿದ್ದಕ್ಕೆ ಬ್ಯಾಂಕಿನ ದಾಖಲೆ, ಗುರುತಿನ ಚೀಟಿ ಹಿಡಿದು ಪತ್ರದಲ್ಲಿರುವ ಗಡುವಿನೊಳಗೆ ಹೋಗಬೇಕು. ಗಡುವು ಮೀರಿದರೆ ವಾಪಸ್ ಕಳಿಸ್ತಾರೆ.

ಮುಂದೆ ಯಾವತ್ತಾದರೂ ವಡಸೇರಿಯ ಬೆಳ್ಳಿ ಸೆಟ್ ತರಿಸಿದರೆ ಅದು 7117 ಅಲ್ಲ, 7113. ಅದನ್ನು ಇಮಿಟೇಶನ್ ಅಂತ ಬರೆಸಬೇಡಿ.

ಸಾಗಣೆಯಲ್ಲಿ ದುಡ್ಡು ಉಳಿಸುವ ಒಂದು ದಾರಿ: ಮಖಮಲ್ ಪೆಟ್ಟಿಗೆ ಬೇಡ ಅನ್ನಿ. ಕೊರಿಯರ್‌ನವರು ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ. ಬಂದ ಸಂಖ್ಯೆ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಬಿಲ್. 30, 25, 12 ಸೆಂಟಿಮೀಟರಿನ ಪೆಟ್ಟಿಗೆ 1.8 ಕಿಲೋ ಆಗುತ್ತೆ, ಒಳಗಿರೋದು 900 ಗ್ರಾಂ ಆದರೂ.

ಕಾವೇರಿ ಕಣಿವೆ:

ಇಷ್ಟೆಲ್ಲ ಮಾಡೋ ಬದಲು ಊರಿನಿಂದ ಬರುವವರ ಕೈಲಿ ತರಿಸಿ. 14 ವಾರದಲ್ಲಿ ಯಾರಾದರೂ ಬಂದೇ ಬರ್ತಾರೆ. ವಿಮಾನದಲ್ಲಿ ಬರುವ ಒಬ್ಬೊಬ್ಬರಿಗೂ 430 ಯೂರೋ ಮೌಲ್ಯದವರೆಗೆ ಸುಂಕ, ವ್ಯಾಟ್ ಎರಡೂ ಇಲ್ಲ. ಜರ್ಮನಿಗೆ ಬರುವ 15 ವರ್ಷದೊಳಗಿನ ಮಕ್ಕಳಿಗೆ 175. ಸ್ವಂತ ಬಳಕೆಗೆ ಅಥವಾ ಉಡುಗೊರೆಗೆ ಇರಬೇಕು, ಮಾರಾಟಕ್ಕಲ್ಲ. ಬಿಲ್ ಜೊತೆಯಲ್ಲೇ ಇರಲಿ, ಇಮಿಟೇಶನ್ ಅಂತ ಬರೆದಿರಲಿ. ಕಸ್ಟಮ್ಸ್‌ನವರು ನೋಡಿದಾಗ ಥಳಥಳ ಚಿನ್ನದ ಹಾಗೇ ಕಾಣುತ್ತೆ ಅದು. ಇನ್ನೊಂದು ಲಾಭ ಏನಂದರೆ, ನಿಮ್ಮ ಅಮ್ಮನೋ ಅಕ್ಕನೋ ಬೆಂಗಳೂರಿನ ಬಳೇಪೇಟೆಯಲ್ಲಿ ಕೈಲಿ ಹಿಡಿದು ನೋಡಿ ತರಬಹುದು.

ಸುಂಕದಕಟ್ಟೆ:

ಕಾವೇರಿ ಕಣಿವೆಯವರ ಮಾತು ಸರಿ, ನಾನೂ ಒಪ್ತೀನಿ. ಒಂದು ತಿದ್ದುಪಡಿ ಸೇರಿಸ್ತೀನಿ: ಒಂದೇ ಸಾಮಾನು 430 ಮೀರಿದರೆ ಅದನ್ನು ಇಬ್ಬರ ಹೆಸರಿಗೆ ಹಂಚಲು ಆಗಲ್ಲ. ನಿಮ್ಮ 220ಕ್ಕೆ ಆ ತೊಂದರೆ ಇಲ್ಲ. ಆದರೆ ಬರುವವರು ತಾವು ತಂದ ಬೇರೆ ಹೊಸ ವಸ್ತುಗಳೂ ಅದೇ 430ರಲ್ಲಿ ಸೇರುತ್ತವೆ.

ತಿರುಪು ಓಲೆ:

ಎರಡನೇ ಪ್ರಶ್ನೆಗೆ ಯಾರೂ ಬರೆದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಅದೇ. ಮಗುವಿನ ಕಿವಿ ತುರಿಸೋದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ನಿಕಲ್ ಅಲರ್ಜಿ ಒಮ್ಮೆ ಹತ್ತಿದರೆ ಸಾಮಾನ್ಯವಾಗಿ ಬದುಕಿಡೀ ಇರುತ್ತೆ.

ಮೊದಲು ಎರಡನ್ನು ಬೇರೆ ಮಾಡಿ ನೋಡಿ. ಚರ್ಮ ಹಸಿರಾದರೆ ಅದು ತಾಮ್ರ ಬೆವರಿನ ಜೊತೆ ಸೇರಿ ಆಗೋ ಬಣ್ಣ. ತೊಳೆದರೆ ಹೋಗುತ್ತೆ, ಅಪಾಯ ಇಲ್ಲ. ಕೆಂಪಾಗಿ, ತುರಿಸಿ, ಸಣ್ಣ ನೀರುಗುಳ್ಳೆ ಎದ್ದು, ಅದೂ ಹಾಕಿದ ಮರುದಿನ ಅಥವಾ ಎರಡು ಮೂರು ದಿನಕ್ಕೆ ಶುರುವಾದರೆ ನಿಕಲ್ ಮೇಲೆ ಅನುಮಾನ. ಚರ್ಮದ ವೈದ್ಯರ ಹತ್ತಿರ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಪಟ್ಟಿ ಅಂಟಿಸಿ ಅಲರ್ಜಿ ನೋಡೋದು) ಮಾಡಿಸಿ, 14 ವಾರ ಇದೆಯಲ್ಲ, ಈಗಲೇ ಅಪಾಯಿಂಟ್ಮೆಂಟ್ ತಗೊಳ್ಳಿ.

ನಿಕಲ್ ಎಲ್ಲಿಂದ ಬರುತ್ತೆ? ಹಿತ್ತಾಳೆಯ ಮೇಲೆ ನೇರ ಚಿನ್ನದ ಪಾಲಿಶ್ ಕೊಟ್ಟರೆ ತಾಮ್ರ ನಿಧಾನವಾಗಿ ಮೇಲೆ ಬಂದು ಬಣ್ಣ ಮಂಕಾಗುತ್ತೆ. ಅದನ್ನು ತಡೆಯಲು, ಹೊಳಪಿಗೂ ಸೇರಿ, ನಡುವೆ ನಿಕಲ್ ಪದರ ಕೊಡ್ತಾರೆ. ಮೇಲಿನ ಚಿನ್ನ ತೆಳು. ಕಿವಿಯ ತೂತಿನಲ್ಲಿ ತಿರುಪು ತಿರುಗಿಸುತ್ತಾ ಸವೆದು ನಿಕಲ್ ಹೊರಗೆ ಬರುತ್ತೆ. ಬೆವರಿನ ಉಪ್ಪಿಗೆ ಅದು ಇನ್ನೂ ಹೆಚ್ಚು ಬಿಡುತ್ತೆ. ನೃತ್ಯದಲ್ಲಿ ಬೆವರು ಎಷ್ಟು ಅಂತ ಹೇಳಬೇಕಾಗಿಲ್ಲ.

ಯುರೋಪಿನ ನಿಯಮ ಬಹಳ ಬಿಗಿ. ಚರ್ಮಕ್ಕೆ ಬಹಳ ಹೊತ್ತು ತಾಗುವ ಸಾಮಾನು ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡಬಾರದು. ಕಿವಿ, ಮೂಗಿನ ತೂತಿಗೆ ಹೋಗುವ ಕಡ್ಡಿಗೆ ಮಿತಿ 0.2. ಆಭರಣದಲ್ಲಿ ಕ್ಯಾಡ್ಮಿಯಮ್ ತೂಕದಲ್ಲಿ ಶೇ. 0.01, ಸೀಸ ಶೇ. 0.05 ಮೀರಬಾರದು. ಊರಿನಲ್ಲಿ ಕೆಡಿಎಂ ಅಂತಿದ್ದೆವಲ್ಲ, ಅದು ಕ್ಯಾಡ್ಮಿಯಮ್ ಬೆರೆಸಿದ ಬೆಸುಗೆಯೇ. ನೀವು ನೇರವಾಗಿ ತರಿಸುವಾಗ ಈ ಮಿತಿಗಳನ್ನು ಪರೀಕ್ಷಿಸಿ ಕಳಿಸುವವರು ಯಾರೂ ಇರಲ್ಲ. "ನಿಕಲ್ ಫ್ರೀ" ಅಂತ ಬರೆದಿದ್ದರೆ ಪ್ರಯೋಗಾಲಯದ ವರದಿ ಕೇಳಿ, ಇಎನ್ 1811 (ನಿಕಲ್ ಎಷ್ಟು ಬಿಡುತ್ತೆ ಅಂತ ಅಳೆಯುವ ಯುರೋಪಿನ ಮಾನದಂಡ) ಪರೀಕ್ಷೆಯ ವರದಿ. ಇಲ್ಲ ಅಂದರೆ ಆ ಮಾತನ್ನು ಬದಿಗಿಡಿ.

ಮಾಡಬೇಕಾದದ್ದು ಇಷ್ಟು. ಕಿವಿಯ ಓಲೆ-ಜುಮುಕಿ ಮಾತ್ರ ಬೇರೆಯಾಗಿ ಆರ್ಡರ್ ಕೊಡಿ, ಕಡ್ಡಿ ಮತ್ತು ತಿರುಪು 925 ಬೆಳ್ಳಿಯದು ಇರಲಿ ಅಂತ. ಟೆಂಪಲ್ ಸೆಟ್ ಮಾಡುವವರು ಇದನ್ನು ಮಾಡಿಕೊಡ್ತಾರೆ, ಬೆಲೆಯೂ ವಿಪರೀತ ಏರಲ್ಲ. ಕಡ್ಡಿಯ ದಪ್ಪ ಎಷ್ಟು ಮಿಲಿಮೀಟರ್ ಅಂತಲೂ ಕೇಳಿ. ನಮ್ಮ ತಿರುಪು ಓಲೆಯ ಕಡ್ಡಿ ಇಲ್ಲಿ ಸಿಗುವ ಕಿವಿಯೋಲೆಗಿಂತ ದಪ್ಪ. ಇಲ್ಲಿ ಕಿವಿ ಚುಚ್ಚಿಸಿದ ಮಗುವಿಗೆ ಆ ತೂತು ಸಾಲದೆ ಬಲವಂತ ಮಾಡಿದರೆ ಗಾಯ ಆಗುತ್ತೆ, ಗಾಯದ ಮೇಲೆ ನಿಕಲ್ ತಾಗಿದರೆ ಇನ್ನೂ ಕೆಟ್ಟದು.

ಬಂದ ಮೇಲೆ ಡಿಎಂಜಿ ಅನ್ನೋ ನಿಕಲ್ ಪರೀಕ್ಷೆಯ ದ್ರಾವಣ ತರಿಸಿಕೊಳ್ಳಿ, ಆನ್‌ಲೈನ್‌ನಲ್ಲಿ ಸಿಗುತ್ತೆ. ಹತ್ತಿ ಕಡ್ಡಿಗೆ ಹನಿ ಹಾಕಿ ಲೋಹದ ಮೇಲೆ ಅರ್ಧ ನಿಮಿಷ ಉಜ್ಜಿ. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕಲ್ ಬಿಡ್ತಿದೆ. ಓಲೆಯ ಕಡ್ಡಿ, ತಿರುಪಿನ ಒಳಭಾಗ, ಮೂಗುತಿ, ಬುಲಾಕು, ಅಡ್ಡಿಕೆಯ ಹಿಂಬದಿ, ವಂಕಿಯ ಒಳಬದಿ ಎಲ್ಲ ಕಡೆ ನೋಡಿ. ಬಣ್ಣ ಬರದಿದ್ದರೂ ಹೊಸ ಪಾಲಿಶ್ ಸವೆಯುವವರೆಗೆ ಮಾತ್ರ ಆ ಭರವಸೆ, ನಾಲ್ಕಾರು ರಿಹರ್ಸಲ್ ಆದ ಮೇಲೆ ಇನ್ನೊಮ್ಮೆ ನೋಡಿ. ಅಯಸ್ಕಾಂತ ಹಿಡಿದು ನೋಡೋದು ಸಾಲದು. ಹಿತ್ತಾಳೆಯ ಮೇಲಿನ ತೆಳು ನಿಕಲ್ ಪದರಕ್ಕೆ ಅಯಸ್ಕಾಂತ ಗೊತ್ತಾಗುವಷ್ಟು ಅಂಟಲ್ಲ.

ಬಣ್ಣವಿಲ್ಲದ ಉಗುರು ಬಣ್ಣ ಹಚ್ಚೋ ಉಪಾಯ ಅಡ್ಡಿಕೆ, ವಂಕಿಯ ಹಿಂದೆ ಒಂದು ಸಂಜೆಗೆ ನಡೆಯುತ್ತೆ: ಎರಡು ಪದರ, ನಡುವೆ ಪೂರ್ತಿ ಒಣಗಿಸಿ. ಅದಕ್ಕಿಂತ ಹಿಂಬದಿಗೆ ತೆಳು ಹತ್ತಿ ಬಟ್ಟೆಯ ಒಳಪದರ ಹೊಲಿಯೋದು ಒಳ್ಳೆಯದು, ಚುಚ್ಚೋದೂ ಇಲ್ಲ. ಕಿವಿಯ ಕಡ್ಡಿಗೆ ಮಾತ್ರ ಉಗುರು ಬಣ್ಣ ಬೇಡ, ತೂತಿನೊಳಗೆ ಸಿಪ್ಪೆ ಏಳುತ್ತೆ.

ಜುಮುಕಿ ಭಾರ ಇದ್ದರೆ ಮಾಟಿಯ ಕೊಕ್ಕೆ ಕೂದಲಿಗೆ ಬಿಗಿಯಾಗಿ ಸಿಕ್ಕಿಸಿ. ಭಾರ ಮಾಟಿ ಹೊರಬೇಕು, ಕಿವಿಯ ಹಾಲೆ ಅಲ್ಲ.

ಮೈನ್‌ತೀರ:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಅಂಗಡಿಗಳಿಗೆ ಹಿಂಬದಿ ಫೋಟೊ ಕೇಳಿ ಬರೆದಿದ್ದೀನಿ. 9,800ರವರು ಒಂದೇ ಗಂಟೆಯಲ್ಲಿ ಹದಿನಾರು ಫೋಟೊ ಕಳಿಸಿದರು, ಸ್ಕೇಲ್ ಇಟ್ಟು. 21,500ರವರು "ಮೇಡಂ, ಟ್ರಸ್ಟ್ ಮಾಡಿ" ಅಂದರು. ಬೆಳ್ಳಿ ಕಡ್ಡಿಯ ಓಲೆ ಬೇರೆ ಮಾಡಿಸ್ತೀನಿ. ಇನ್ನು ದುಡ್ಡು ಹೇಗೆ ಕಟ್ಟಲಿ? ಅವರು ಯುಪಿಐ ಕೇಳ್ತಿದ್ದಾರೆ. ಮತ್ತೆ ಬಂದ ದಿನ ಏನು ನೋಡಬೇಕು, ಹರಳು ಬಿದ್ದರೆ ಯಾವ ಗೋಂದು?

ನಾಟ್ಯಸಾಮಾನು:

ಹೊಸ ಅಂಗಡಿಗೆ ಯುಪಿಐ ಬೇಡ. ಹೋದ ದುಡ್ಡು ವಾಪಸ್ ತರಿಸಲು ಅದರಲ್ಲಿ ಸುಲಭದ ದಾರಿ ಇಲ್ಲ. ಕ್ರೆಡಿಟ್ ಕಾರ್ಡ್ ಅಥವಾ ಪೇಪಾಲ್‌ನ ಸರಕು ಖರೀದಿ ಆಯ್ಕೆ. ಸ್ನೇಹಿತರಿಗೆ ಕಳಿಸುವ ಆಯ್ಕೆಯಲ್ಲಿ ರಕ್ಷಣೆ ಇಲ್ಲ. ಕಾರ್ಡಿನಲ್ಲಿ ಕಟ್ಟುವಾಗ ಯೂರೋ ಬೇಕಾ ರೂಪಾಯಿ ಬೇಕಾ ಅಂತ ಪರದೆ ಕೇಳಿದರೆ ರೂಪಾಯಿ ಒತ್ತಿ. ಯೂರೋ ಒತ್ತಿದರೆ ಅವರ ವಿನಿಮಯ ದರ, ಸಾಮಾನ್ಯವಾಗಿ ನಷ್ಟ ನಿಮಗೇ. ವಾಪಸಾತಿಯನ್ನು ನೆಚ್ಚಿಕೊಳ್ಳಬೇಡಿ, ಮರುಸಾಗಣೆಗೆ ಸೆಟ್‌ನ ಬೆಲೆಯ ದೊಡ್ಡ ಪಾಲು ಹೋಗುತ್ತೆ. ಹಾಳಾದ ಸಾಮಾನಿಗೆ ಅಷ್ಟು ಮೊತ್ತ ವಾಪಸ್ ಕೊಡ್ತೀವಿ ಅಂತ ಮೊದಲೇ ಬರೆಸಿಕೊಳ್ಳಿ.

ಆರ್ಡರ್ ಜೊತೆ ಕೇಳಿ ತಗೊಳ್ಳಬೇಕಾದ ಬಿಡಿ ಸಾಮಾನು: ಅದೇ ಸೈಜಿನ ಕೆಂಪು ಹರಳು 15, ಹಸಿರು 5, ಕೊಂಡಿ ಉಂಗುರ 10, ಒಂದು ಜೊತೆ ಹೆಚ್ಚುವರಿ ತಿರುಪು. ಅವರಿಗೆ ಇದು ಚಿಲ್ಲರೆ, ನಿಮಗೆ ಜರ್ಮನಿಯಲ್ಲಿ ಸುಲಭಕ್ಕೆ ಸಿಗಲ್ಲ. ಒಂದೊಂದು ಸಾಮಾನೂ ಬೇರೆ ಬೇರೆ ಜಿಪ್ ಚೀಲದಲ್ಲಿ ಇರಲಿ. ರಬ್ಬರ್ ಬ್ಯಾಂಡ್ ಸುತ್ತಬಾರದು ಅಂತ ಒತ್ತಿ ಹೇಳಿ, ರಬ್ಬರಿನ ಗಂಧಕಕ್ಕೆ ಪಾಲಿಶ್ ಮೇಲೆ ಕಪ್ಪು ಪಟ್ಟೆ ಬೀಳುತ್ತೆ.

ಬಂದ ದಿನ ಡಬ್ಬ ಬಿಚ್ಚೋದನ್ನು ಒಂದೇ ಉಸಿರಿನಲ್ಲಿ ವಿಡಿಯೊ ಮಾಡಿ, ವಿಳಾಸದ ಚೀಟಿಯಿಂದ ಶುರುಮಾಡಿ. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಒಂದೊಂದೇ ತೆಗೆದು ಅಲ್ಲಾಡಿಸಿ, ಬಿದ್ದ ಹರಳು ಬಟ್ಟೆಯಲ್ಲಿ ಸಿಗುತ್ತೆ. ಪ್ರತಿ ಕೊಂಡಿಯನ್ನೂ ಉಗುರಿನಲ್ಲಿ ಎಳೆದು ನೋಡಿ, ಬಾಯಿ ಬಿಟ್ಟಿದ್ದರೆ ಎರಡು ಇಕ್ಕಳ ಹಿಡಿದು ಪಕ್ಕಕ್ಕೆ ತಿರುಚಿ ಮುಚ್ಚಿ.

ಗೋಂದು: ಸೂಪರ್ ಗ್ಲೂ ಬೇಡ. ಅದರ ಆವಿಗೆ ಹರಳಿನ ಸುತ್ತ ಬಿಳಿ ಮಂಜು ಕಟ್ಟುತ್ತೆ, ಹಿಂದಿನ ರೇಕು ಮಂಕಾಗುತ್ತೆ, ಗಟ್ಟಿಯಾದ ಮೇಲೆ ಪೆಟ್ಟು ಬಿದ್ದರೆ ಸಿಡಿಯುತ್ತೆ. ಎರಡು ಕೊಳವೆಯ ಎಪಾಕ್ಸಿ ತಗೊಂಡು ಸಮ ಸಮ ಕಲಸಿ, ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನ ಅರ್ಧದಷ್ಟು. ಮೊದಲು ಗುಳಿಯ ಹಳೆಯ ಗೋಂದನ್ನು ಸೂಜಿಯಲ್ಲಿ ಕೆರೆದು ತೆಗೆದಿರಬೇಕು. 24 ಗಂಟೆ ಮುಟ್ಟಬಾರದು.

ಮುಗಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಒಂದು ಗಂಟೆ ಗಾಳಿಗಿಟ್ಟು ಚೀಲಕ್ಕೆ ಹಾಕಿ. ನೀರು ತಾಗಿಸಬೇಡಿ, ಹರಳಿನ ಹಿಂದೆ ನೀರು ಇಳಿದರೆ ರೇಕು ಕಪ್ಪಾಗಿ ಕೆಂಪು ಹರಳು ಮಣ್ಣಿನ ಬಣ್ಣಕ್ಕೆ ಬರುತ್ತೆ. ಹುಣಸೆಹಣ್ಣು, ಪೀತಾಂಬರಿ ಹತ್ತಿರವೂ ಸುಳಿಯಬಾರದು. ಹಿತ್ತಾಳೆ ಪಾತ್ರೆಗೆ ಅವು ಅಮೃತ, ಪಾಲಿಶ್ ಕೊಟ್ಟ ಸಾಮಾನಿಗೆ ಒಂದೇ ಉಜ್ಜಿಗೆ ಪಾಲಿಶ್ ಕಿತ್ತುಬರುತ್ತೆ. ಹೇರ್ ಸ್ಪ್ರೇ, ಸೆಂಟು ಎಲ್ಲ ಆಭರಣ ತೊಡುವ ಮೊದಲೇ ಮುಗಿದಿರಲಿ.

ರಂಗಪ್ರವೇಶಕ್ಕೆ ಮೂರು ವಾರ ಮೊದಲು ಪೂರ್ತಿ ಸೆಟ್ ತೊಡಿಸಿ ವರ್ಣ (ದೀರ್ಘವಾದ ಮುಖ್ಯ ನೃತ್ಯ) ಒಂದನ್ನಾದರೂ ಪೂರ್ತಿ ಮಾಡಿಸಿ. ಏನು ಜಾರುತ್ತೆ, ಏನು ಚುಚ್ಚುತ್ತೆ ಅಂತ ಆಗಲೇ ಗೊತ್ತಾಗೋದು. ಜಾರೋದನ್ನು ಕಪ್ಪು ದಾರದಲ್ಲಿ ಕೂದಲಿಗೇ ಹೊಲಿದುಬಿಡಿ, ಪಿನ್ ನಂಬಬೇಡಿ.

ಮೈನ್‌ತೀರ:

ಕೊನೆಯದೊಂದು. ತಲೆಸಾಮಾನಿನ ಫೋಟೊದಲ್ಲಿ ಸೂರ್ಯ ಒಂದು ಕಡೆ, ಚಂದ್ರ ಒಂದು ಕಡೆ ಇದೆ, ಯಾವುದು ಎಲ್ಲಿಗೆ?

ನಾಟ್ಯಸಾಮಾನು:

ಸೂರ್ಯ ಮಗುವಿನ ಬಲಕ್ಕೆ, ಚಂದ್ರ ಎಡಕ್ಕೆ. ಅಂಗಡಿಯ ಫೋಟೊ ಎದುರಿನಿಂದ ತೆಗೆದದ್ದು, ನೋಡುವಾಗ ತಿರುಗುಮುರುಗು ಕಾಣುತ್ತೆ. ಕೊಕ್ಕೆಗಳೂ ಹಾಗೇ ಎಡ ಬಲ ಸರಿಯಾಗಿ ಬೆಸೆದಿವೆಯಾ ಅಂತ ಹಿಂಬದಿ ಫೋಟೊದಲ್ಲಿ ನೋಡಿಕೊಳ್ಳಿ.